ಲೆಕ್ಕ ಕೇಳಿದರೆ ಮುನಿಸೇಕೆ?



ಇಡೀ ದಿನ ಬೀಡಿ ಕಟ್ಟಿ, ತೋಟದಲ್ಲಿ ಅಡಿಕೆ ಹೆಕ್ಕಿ, ಹಟ್ಟಿಯ ಕೆಲಸ ಮುಗಿಸಿ ಸಂಜೆ ಪುಸ್ತಕ ಹಿಡಿದು ಬಂದು ಕೂತಿದ್ದೀರಿ. ದಣಿವು ಉಂಟು ಎಂದು ಗೊತ್ತು. ಹಾಗಾಗಿ ದೊಡ್ಡ ಭಾಷಣ ಬೇಡ. ಇವತ್ತು ಲೆಕ್ಕದ ವಿಷಯ ಮಾತಾಡುವ. ಕೂಡಿಸುವ, ಕಳೆಯುವ ಲೆಕ್ಕ ಅಲ್ಲ. ಕೇಳುವ ಲೆಕ್ಕ.

ನಮ್ಮ ಕಾಸರಗೋಡಿನ ಕಡೆ ಊರ ದೇವಸ್ಥಾನದಲ್ಲಿ ಬ್ರಹ್ಮಕಲಶ ನಡೆಯುವುದನ್ನು ನೀವೆಲ್ಲ ನೋಡಿದ್ದೀರಿ. ಮೊದಲು ಒಂದು ಸಮಿತಿ ಆಗುತ್ತದೆ. ರಶೀದಿ ಪುಸ್ತಕ ಅಚ್ಚು ಹಾಕಿಸುತ್ತಾರೆ. ಮನೆ ಮನೆಗೆ ಬರುತ್ತಾರೆ. ಒಬ್ಬರು ಸಾವಿರ ಕೊಡುತ್ತಾರೆ, ಒಬ್ಬರು ಐವತ್ತು ಕೊಡುತ್ತಾರೆ. ಹೊರೆಕಾಣಿಕೆಗೆ ತೆಂಗಿನಕಾಯಿ, ಅಕ್ಕಿ, ತರಕಾರಿ ಹೋಗುತ್ತದೆ. ಊಟಕ್ಕೆ ಸಾವಿರ ಸಾವಿರ ಜನ. ಎಲ್ಲಾ ಮುಗಿದ ಮೇಲೆ ಒಂದು ಭಾನುವಾರ ಲೆಕ್ಕಪತ್ರ ಮಂಡನೆಯ ಸಭೆ ಕರೆಯುತ್ತಾರೆ. ಅದಕ್ಕೆ ಎಷ್ಟು ಜನ ಬರುತ್ತಾರೆ? ಬೆರಳೆಣಿಕೆಯಷ್ಟು.

ಆ ಸಭೆಯಲ್ಲಿ ಯಾರಾದರೂ ಎದ್ದು, "ಶಾಮಿಯಾನಕ್ಕೆ ಇಷ್ಟು ದುಡ್ಡು ಹೇಗಾಯಿತು?" ಎಂದು ಕೇಳಿದರು ಎಂದಿಟ್ಟುಕೊಳ್ಳಿ. ಕೂಡಲೇ ಎಲ್ಲರ ತಲೆ ಅವರ ಕಡೆ ತಿರುಗುತ್ತದೆ. "ಎಂತ, ನಮ್ಮ ಮೇಲೆ ಸಂಶಯವಾ?" ಎಂದು ಒಂದು ಮಾತು ಬರುತ್ತದೆ. ಕೇಳಿದವರ ಮುಖ ಸಣ್ಣದಾಗುತ್ತದೆ. ಮುಂದಿನ ಸಲ ಅವರು ಕೇಳುವುದಿಲ್ಲ. ಅವರನ್ನು ನೋಡಿ ಉಳಿದವರೂ ಕೇಳುವುದಿಲ್ಲ.

ಈ ಮುನಿಸಿನ ಬಗ್ಗೆಯೇ ನನ್ನ ಮಾತು. ಲೆಕ್ಕ ಕೇಳುವುದು ಸಂಶಯ ಅಲ್ಲ. ಅದು ದುಡ್ಡು ಕೊಟ್ಟವರ ಹಕ್ಕು. ಖರ್ಚು ಮಾಡಿದವರಿಗೂ ಅದೇ ರಕ್ಷಣೆ. ಲೆಕ್ಕ ಸರಿ ಉಂಟು ಎಂದು ನಾಲ್ಕು ಜನರ ಎದುರು ತೋರಿಸಿದವರ ಮೇಲೆ ಆಮೇಲೆ ಯಾರೂ ಬೆರಳು ತೋರಿಸುವ ಹಾಗಿಲ್ಲ. ಇದು ಎಷ್ಟು ಮುಖ್ಯ ಎಂದರೆ, ಬರೇ ಲೆಕ್ಕ ಕೇಳುವುದಕ್ಕೆಂದೇ ನಮ್ಮ ದೇಶದ ಸಂವಿಧಾನ ಒಂದು ದೊಡ್ಡ ಹುದ್ದೆಯನ್ನು ಮಾಡಿಟ್ಟಿದೆ. ಆ ಹುದ್ದೆಯನ್ನು ಇವತ್ತು ಪರಿಚಯ ಮಾಡಿಕೊಳ್ಳುವ.

ದೇಶದ ಪೆಟ್ಟಿಗೆಗೆ ನಾವೂ ಹಾಕುತ್ತೇವೆ

"ನಾವು ಬಡವರು, ತೆರಿಗೆ ಕಟ್ಟುವವರಲ್ಲ, ನಾವು ಲೆಕ್ಕ ಕೇಳುವುದು ಹೇಗೆ?" ಎಂದು ಕೆಲವರು ಹೇಳುತ್ತಾರೆ. ಇದು ತಪ್ಪು ತಿಳುವಳಿಕೆ. ನೀವು ಮೈಗೆ ಹಚ್ಚುವ ಸಾಬೂನು ಕೊಳ್ಳುವಾಗ, ಮೊಬೈಲಿಗೆ ರೀಚಾರ್ಜ್ ಮಾಡಿಸುವಾಗ, ಮಗುವಿಗೆ ಬಿಸ್ಕತ್ತು ತರುವಾಗ ಆ ಬೆಲೆಯೊಳಗೆ ತೆರಿಗೆ ಸೇರಿರುತ್ತದೆ. ಅಂಗಡಿಯವರು ಅದನ್ನು ನಿಮ್ಮಿಂದ ತೆಗೆದು ಸರಕಾರಕ್ಕೆ ಕಟ್ಟುತ್ತಾರೆ. ರಶೀದಿ ನಿಮ್ಮ ಹೆಸರಿಗೆ ಬರುವುದಿಲ್ಲ, ಅಷ್ಟೇ. ಹಾಕಿದವರು ನೀವೇ.

ಹೀಗೆ ಬಂದ ತೆರಿಗೆ, ಸರಕಾರ ತಂದ ಸಾಲ, ಬೇರೆ ಆದಾಯ ಎಲ್ಲಾ ಸೇರುವ ಪೆಟ್ಟಿಗೆಗೆ ಸಂಚಿತ ನಿಧಿ ಎಂದು ಹೆಸರು. ಕೇಂದ್ರ ಸರಕಾರಕ್ಕೆ ಒಂದು, ಪ್ರತಿ ರಾಜ್ಯಕ್ಕೆ ಒಂದೊಂದು. ಇದರಿಂದ ದುಡ್ಡು ತೆಗೆಯಬೇಕಾದರೆ ಕೇಂದ್ರದಲ್ಲಿ ಸಂಸತ್ತು, ರಾಜ್ಯದಲ್ಲಿ ವಿಧಾನಸಭೆ ಒಪ್ಪಬೇಕು. ವರ್ಷಕ್ಕೊಮ್ಮೆ ಬಜೆಟ್ ಎಂದು ರೇಡಿಯೋದಲ್ಲಿ, ಟಿ.ವಿ.ಯಲ್ಲಿ ಕೇಳುತ್ತೀರಲ್ಲ, ಅದು ಇದೇ. ಇಷ್ಟು ದುಡ್ಡು ಶಾಲೆಗೆ, ಇಷ್ಟು ಆಸ್ಪತ್ರೆಗೆ, ಇಷ್ಟು ರಸ್ತೆಗೆ ಎಂದು ನಮ್ಮ ಪ್ರತಿನಿಧಿಗಳು ಒಪ್ಪಿಗೆ ಕೊಡುತ್ತಾರೆ.

ಒಪ್ಪಿಗೆ ಕೊಟ್ಟ ಮೇಲೆ ದುಡ್ಡು ಹಾಗೆಯೇ ಖರ್ಚಾಯಿತೋ ಇಲ್ಲವೋ ನೋಡುವವರು ಯಾರು? ಖರ್ಚು ಮಾಡಿದವರೇ ನೋಡಿದರೆ ಪರೀಕ್ಷೆ ಬರೆದವನೇ ಅಂಕ ಹಾಕಿಕೊಂಡ ಹಾಗೆ. ಬೇರೆಯವರು ನೋಡಬೇಕು. ಆ ಬೇರೆಯವರೇ ಭಾರತದ ಲೆಕ್ಕ ನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರು. ಹೆಸರು ಉದ್ದ. ಪೇಪರಿನಲ್ಲಿ ಚಿಕ್ಕದಾಗಿ ಸಿಎಜಿ ಎಂದು ಬರೆಯುತ್ತಾರೆ. ನಾವೂ ಹಾಗೆಯೇ ಹೇಳುವ.

ಈ ಹುದ್ದೆಗೆ ಹೆದರಿಕೆ ಇಲ್ಲದ ಹಾಗೆ

ಲೆಕ್ಕ ಕೇಳುವ ಪದ್ಧತಿ ಬ್ರಿಟಿಷರ ಕಾಲದಿಂದಲೇ ಇತ್ತು. ಮೊದಲ ಮಹಾಲೆಕ್ಕ ಪರಿಶೋಧಕರು ಅಧಿಕಾರ ವಹಿಸಿಕೊಂಡದ್ದು 1860ರ ನವೆಂಬರ್ 16ರಂದು. ಆ ದಿನದ ನೆನಪಿಗೆ 2021ರಿಂದ ನವೆಂಬರ್ 16ನ್ನು ಲೆಕ್ಕಪರಿಶೋಧನಾ ದಿನ ಎಂದು ಆಚರಿಸುತ್ತಾರೆ. ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನ ಬರೆಯುವಾಗ ಈ ಹುದ್ದೆಗೆ ಹೆಚ್ಚು ಬಲ ಕೊಟ್ಟರು. ಸಂವಿಧಾನದ 148ರಿಂದ 151ರವರೆಗಿನ ವಿಧಿಗಳು ಈ ಹುದ್ದೆಯದ್ದೇ. ಡಾಕ್ಟರ್ ಬಿ.ಆರ್. ಅಂಬೇಡ್ಕರ್ ಅವರು 1949ರಲ್ಲಿ ಸಂವಿಧಾನ ಸಭೆಯಲ್ಲಿ ಮಾತಾಡುತ್ತಾ, ಇಡೀ ಸಂವಿಧಾನದಲ್ಲಿ ಬಹುಶಃ ಎಲ್ಲರಿಗಿಂತ ಮುಖ್ಯ ಅಧಿಕಾರಿ ಇವರೇ ಎಂಬ ಅರ್ಥದ ಮಾತು ಹೇಳಿದ್ದರು.

ಲೆಕ್ಕ ಕೇಳುವವರಿಗೆ ಮೊದಲು ಹೆದರಿಕೆ ಹೋಗಬೇಕು. ಅದಕ್ಕೆ ಸಂವಿಧಾನ ಏನು ಮಾಡಿದೆ, ನೋಡಿ.

ಸಿಎಜಿಯವರನ್ನು ರಾಷ್ಟ್ರಪತಿಗಳು ನೇಮಕ ಮಾಡುತ್ತಾರೆ. ಅವಧಿ ಆರು ವರ್ಷ, ಇಲ್ಲವೇ 65 ವರ್ಷ ಪ್ರಾಯ ಆಗುವವರೆಗೆ. ಯಾವುದು ಮೊದಲು ಬರುತ್ತದೋ ಅದು. ನಡುವೆ ಮಂತ್ರಿಗಳಿಗೆ ಸಿಟ್ಟು ಬಂದರೆ ಇವರನ್ನು ತೆಗೆದು ಹಾಕಲು ಆಗುವುದಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನು ತೆಗೆಯಲು ಯಾವ ಕ್ರಮ ಉಂಟೋ ಅದೇ ಕ್ರಮದಲ್ಲಿ, ಸಂಸತ್ತಿನ ಎರಡೂ ಸದನಗಳು ಸೇರಿ ಮಾಡಬೇಕು. ಇವರ ಸಂಬಳವನ್ನು ನಡುವಿನಲ್ಲಿ ಇಳಿಸುವ ಹಾಗಿಲ್ಲ. ಇವರ ಕಚೇರಿ ನಡೆಸುವ ಖರ್ಚು ನೇರವಾಗಿ ಸಂಚಿತ ನಿಧಿಯಿಂದ ಬರುತ್ತದೆ. ಹುದ್ದೆಯಿಂದ ಇಳಿದ ಮೇಲೆ ಸರಕಾರದ ಅಡಿಯಲ್ಲಿ ಇನ್ನೊಂದು ಹುದ್ದೆ ಹಿಡಿಯುವ ಹಾಗಿಲ್ಲ. ಯಾಕೆ? ನಾಳೆ ಕೆಲಸ ಸಿಗುತ್ತದೆಂಬ ಆಸೆಯಿಂದ ಇವತ್ತು ಕಣ್ಣು ಮುಚ್ಚಬಾರದು, ಅದಕ್ಕೆ.

ಸ್ವಾತಂತ್ರ್ಯದ ನಂತರ ಮೊದಲು ಈ ಹುದ್ದೆಯಲ್ಲಿ ಇದ್ದವರು ವಿ. ನರಹರಿ ರಾವ್, 1948ರಿಂದ 1954ರವರೆಗೆ. ನಮ್ಮ ನೆರೆಯ ಕೊಡಗಿನವರಾದ ಸಿ.ಜಿ. ಸೋಮಯ್ಯ 1990ರಿಂದ 1996ರವರೆಗೆ ಇದ್ದರು. ಐ.ಎ.ಎಸ್. ಅಧಿಕಾರಿಯಾಗಿ ನಮ್ಮ ಕೇರಳದಲ್ಲೇ ಸೇವೆ ಮಾಡಿದ್ದ ವಿನೋದ್ ರಾಯ್ 2008ರಿಂದ 2013ರವರೆಗೆ ಇದ್ದರು.

ಸಿಎಜಿ ಎಂದರೆ ಒಬ್ಬ ಮನುಷ್ಯ ಮಾತ್ರ ಅಲ್ಲ. ಪ್ರತಿ ರಾಜ್ಯದಲ್ಲೂ ಇವರ ಕಚೇರಿಗಳು ಉಂಟು. ನಮ್ಮ ರಾಜ್ಯದ ಮುಖ್ಯ ಕಚೇರಿ ತಿರುವನಂತಪುರದಲ್ಲಿದೆ. ಜನರ ಬಾಯಲ್ಲಿ ಅದು ಏಜೀಸ್ ಆಫೀಸು. ನಿಮ್ಮ ಮನೆಯಲ್ಲಿ ಯಾರಾದರೂ ಸರಕಾರಿ ಶಾಲೆಯ ಟೀಚರಾಗಿ ನಿವೃತ್ತರಾಗಿದ್ದರೆ ಈ ಹೆಸರು ಕೇಳಿರುತ್ತೀರಿ. ಅವರ ಪಿಂಚಣಿಯ ಕಾಗದ ಅಲ್ಲಿಂದಲೇ ಬಂದಿರುತ್ತದೆ.

ಮೂರು ಪ್ರಶ್ನೆಗಳು

ಇವರು ಬಂದು ಏನು ನೋಡುತ್ತಾರೆ? ಒಂದು ಉದಾಹರಣೆ ಹೇಳುತ್ತೇನೆ. ಒಂದು ಅಂಗನವಾಡಿಯ ಅಂಗಳದಲ್ಲಿ ಸರಕಾರದ ದುಡ್ಡಿನಿಂದ ಬಾವಿ ತೋಡಿದರು ಎಂದಿಟ್ಟುಕೊಳ್ಳಿ.

ಮೊದಲನೆಯ ಪ್ರಶ್ನೆ: ಪುಸ್ತಕದಲ್ಲಿ ಬರೆದ ಲೆಕ್ಕ ಸರಿ ಉಂಟಾ? ಬಿಲ್ಲು, ರಶೀದಿ, ಬ್ಯಾಂಕಿನ ಪುಸ್ತಕ ಒಂದಕ್ಕೊಂದು ತಾಳೆ ಆಗುತ್ತದಾ?

ಎರಡನೆಯ ಪ್ರಶ್ನೆ: ನಿಯಮದ ಪ್ರಕಾರ ಆಯಿತಾ? ಟೆಂಡರು ಕರೆದರಾ? ಒಪ್ಪಿಗೆ ಕೊಡಬೇಕಾದವರೇ ಕೊಟ್ಟರಾ? ಬಾವಿಗೆಂದು ಇಟ್ಟ ದುಡ್ಡು ಬಾವಿಗೇ ಹೋಯಿತಾ?

ಮೂರನೆಯ ಪ್ರಶ್ನೆ: ಬಾವಿಯಲ್ಲಿ ನೀರು ಉಂಟಾ? ಮಕ್ಕಳು ಆ ನೀರು ಕುಡಿಯುತ್ತಾರಾ?

ಮೊದಲನೆಯದು ಹಣಕಾಸಿನ ಲೆಕ್ಕಪರಿಶೋಧನೆ. ಎರಡನೆಯದು ನಿಯಮಪಾಲನೆಯದು. ಮೂರನೆಯದು ಕಾರ್ಯಸಾಧನೆಯದು. ಹೆಸರು ಮರೆತರೂ ಚಿಂತೆ ಇಲ್ಲ. ಪ್ರಶ್ನೆ ಮರೆಯಬೇಡಿ. ಬಿಲ್ಲು ಸರಿ ಇದ್ದು, ಟೆಂಡರು ಸರಿ ಇದ್ದು, ಬಾವಿಯಲ್ಲಿ ಎಪ್ರಿಲ್ ತಿಂಗಳಿಗೆ ನೀರಿಲ್ಲದಿದ್ದರೆ ಆ ದುಡ್ಡು ಮಕ್ಕಳಿಗೆ ಮುಟ್ಟಲಿಲ್ಲ ಎಂದೇ ಅರ್ಥ.

ದೇಶದ ಪ್ರತಿ ಬಿಲ್ಲನ್ನೂ ನೋಡಲು ಯಾರಿಂದಲೂ ಆಗುವುದಿಲ್ಲ. ಅನ್ನ ಬೆಂದಿದೆಯಾ ಎಂದು ನೋಡಲು ನೀವು ಇಡೀ ಪಾತ್ರೆ ಉಣ್ಣುತ್ತೀರಾ? ನಾಲ್ಕು ಅಗುಳು ಹಿಸುಕಿ ನೋಡುತ್ತೀರಿ. ಇವರೂ ಹಾಗೆಯೇ. ಕೆಲವು ಜಿಲ್ಲೆ, ಕೆಲವು ಕಚೇರಿ, ಕೆಲವು ಕಡತ ಆರಿಸಿಕೊಂಡು ಪರೀಕ್ಷೆ ಮಾಡುತ್ತಾರೆ. ಸಂಶಯ ಬಂದಲ್ಲಿ ಕಚೇರಿಗೆ ಬರೆದು ಉತ್ತರ ಕೇಳುತ್ತಾರೆ. ಉತ್ತರ ಸರಿ ಇದ್ದರೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಮೇಲಿನವರೆಗೆ ಹೋಗುತ್ತದೆ. ಸರಕಾರದ ಉತ್ತರವನ್ನೂ ಕೇಳಿದ ಮೇಲೆಯೇ ವರದಿಯಲ್ಲಿ ಬರೆಯುತ್ತಾರೆ. ಎದುರಿನವರ ಮಾತು ಕೇಳದೆ ತೀರ್ಮಾನ ಮಾಡಬಾರದು. ಇದು ನಾವು ಊರಲ್ಲೂ ಕಲಿಯಬೇಕಾದ ಪಾಠ.

ಕೇಂದ್ರದ ವರದಿ ರಾಷ್ಟ್ರಪತಿಗಳಿಗೆ ಹೋಗುತ್ತದೆ, ಅವರು ಅದನ್ನು ಸಂಸತ್ತಿನ ಮುಂದೆ ಇಡಿಸುತ್ತಾರೆ. ರಾಜ್ಯದ್ದು ರಾಜ್ಯಪಾಲರಿಗೆ, ಅಲ್ಲಿಂದ ವಿಧಾನಸಭೆಗೆ. ಸಂಸತ್ತಿನಲ್ಲಿ 22 ಸದಸ್ಯರ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಉಂಟು. ಲೋಕಸಭೆಯಿಂದ 15 ಮಂದಿ, ರಾಜ್ಯಸಭೆಯಿಂದ 7 ಮಂದಿ. ಆ ಸಮಿತಿ ಅಧಿಕಾರಿಗಳನ್ನು ಕರೆಸಿ, "ಇದು ಹೀಗೆ ಯಾಕಾಯಿತು?" ಎಂದು ಕೇಳುತ್ತದೆ. 1967ರಿಂದ ವಿರೋಧ ಪಕ್ಷದವರೇ ಅದರ ಅಧ್ಯಕ್ಷರಾಗುವ ಪದ್ಧತಿ ಬಂದಿದೆ. ಖರ್ಚು ಮಾಡಿದ ಪಕ್ಷದವರೇ ಲೆಕ್ಕ ಕೇಳುವ ಕುರ್ಚಿಯಲ್ಲಿ ಕೂರಬಾರದು ಎಂದು.

ಲೆಕ್ಕ ನೋಡಿದಾಗ ಕಂಡದ್ದು

ಈಗ ನಮ್ಮ ಮನೆಯ ಹತ್ತಿರದ ಒಂದು ಸಂಗತಿ. ಬಡವರ ಆಸ್ಪತ್ರೆ ಖರ್ಚಿಗೆ ಆಯುಷ್ಮಾನ್ ಭಾರತ್ ಎಂಬ ಕೇಂದ್ರದ ಯೋಜನೆ 2018ರಲ್ಲಿ ಶುರುವಾಯಿತು. ಕೇರಳದಲ್ಲಿ ಅದು ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯ ಜೊತೆ ಸೇರಿ ಬಂತು. ನಿಮ್ಮಲ್ಲಿ ಕೆಲವರ ಮನೆಯಲ್ಲಿ ಆ ಕಾರ್ಡು ಇರಬಹುದು. 2023ರ ಆಗಸ್ಟಿನಲ್ಲಿ ಸಿಎಜಿ ವರದಿ ಸಂಸತ್ತಿನ ಮುಂದೆ ಬಂತು. ಅದರಲ್ಲಿ ಏನಿತ್ತು ಗೊತ್ತುಂಟಾ? 7,49,820 ಜನರ ಹೆಸರಿನ ಮುಂದೆ ಒಂದೇ ಮೊಬೈಲ್ ನಂಬರು! ಅದು 9999999999. ಹತ್ತು ಸಲ ಒಂಬತ್ತು. ಅಂಕಿ ಓದಲು ಕಲಿತ ಯಾರಿಗಾದರೂ ಇದು ನಿಜವಾದ ನಂಬರಲ್ಲ ಎಂದು ಗೊತ್ತಾಗುತ್ತದೆ.

ಅದಕ್ಕಿಂತ ದೊಡ್ಡದು ಇನ್ನೊಂದು. ತೀರಿಹೋದರು ಎಂದು ಮೊದಲೇ ದಾಖಲಾಗಿದ್ದ 3,446 ರೋಗಿಗಳಿಗೆ ಆಮೇಲೆಯೂ ಚಿಕಿತ್ಸೆ ಕೊಟ್ಟ ಹಾಗೆ ಲೆಕ್ಕದಲ್ಲಿತ್ತು. ಅದಕ್ಕೆ ಕೊಟ್ಟ ದುಡ್ಡು ಸುಮಾರು 6 ಕೋಟಿ 97 ಲಕ್ಷ ರೂಪಾಯಿ. ಇಂಥ ಹೆಸರುಗಳು ಎಲ್ಲಕ್ಕಿಂತ ಹೆಚ್ಚು ಕಂಡದ್ದು ನಮ್ಮ ಕೇರಳದಲ್ಲಿ, 966. ಸರಕಾರ ಉತ್ತರ ಕೊಟ್ಟಿತು. ಮೊಬೈಲ್ ನಂಬರು ನೋಡಿ ಯಾರಿಗೂ ಚಿಕಿತ್ಸೆ ಕೊಡುವುದಿಲ್ಲ, ಗುರುತು ಹಿಡಿಯುವುದು ಆಧಾರ್ ಮೂಲಕ ಎಂದಿತು. ಆ ಉತ್ತರವನ್ನೂ ನಾವು ಕೇಳಬೇಕು. ಆದರೆ ಪ್ರಶ್ನೆ ಎದ್ದದ್ದು ಪುಸ್ತಕ ಬಿಚ್ಚಿ ನೋಡಿದ್ದರಿಂದ. ಬಿಚ್ಚದಿದ್ದರೆ ಉತ್ತರವೂ ಇಲ್ಲ, ತಿದ್ದುವುದೂ ಇಲ್ಲ.

ಇನ್ನೊಂದು, ಕೂಲಿಯ ಸಂಗತಿ. 2005ರಲ್ಲಿ ಬಂದ ಉದ್ಯೋಗ ಖಾತರಿ ಕಾನೂನು ಹಳ್ಳಿಯ ಪ್ರತಿ ಮನೆಗೆ ವರ್ಷಕ್ಕೆ 100 ದಿನದ ಕೆಲಸದ ಮಾತು ಕೊಟ್ಟಿತ್ತು. ನಿಮ್ಮಲ್ಲಿ ಎಷ್ಟೋ ಅಕ್ಕಂದಿರು ಆ ಕೆಲಸಕ್ಕೆ ಹೋದವರೇ. ಸಿಎಜಿಯವರು ದೇಶದ 3,848 ಗ್ರಾಮ ಪಂಚಾಯತುಗಳಲ್ಲಿ ಪರೀಕ್ಷೆ ಮಾಡಿ 2013ರಲ್ಲಿ ವರದಿ ಕೊಟ್ಟರು. ಕೆಲಸ ಸಿಕ್ಕಿದ ಮನೆಗಳಿಗೆ 2009-10ರಲ್ಲಿ ಸರಾಸರಿ 54 ದಿನದ ಕೆಲಸ ಆಗಿತ್ತು, 2011-12ರಲ್ಲಿ ಅದು 43 ದಿನಕ್ಕೆ ಇಳಿದಿತ್ತು ಎಂದು ತೋರಿಸಿದರು. ಇದು ಕಳ್ಳತನದ ಲೆಕ್ಕ ಅಲ್ಲ. ಕೊಟ್ಟ ಮಾತು ಎಷ್ಟು ನಡೆಯಿತು ಎಂಬ ಲೆಕ್ಕ. ಬಾವಿಯ ಮೂರನೆಯ ಪ್ರಶ್ನೆ ನೆನಪಾಯಿತಾ? ಅದೇ ಇದು.

ಕೇಳಿದ ಮೇಲೂ ಯಾರೂ ಕಿವಿ ಕೊಡದಿದ್ದರೆ?

ಆಗ ಏನಾಗುತ್ತದೆ ಎಂಬುದಕ್ಕೆ ಬಿಹಾರದ ಮೇವಿನ ಹಗರಣ ಸಾಕ್ಷಿ. ಅಲ್ಲಿ ಪಶುಸಂಗೋಪನಾ ಇಲಾಖೆ ವಿಧಾನಸಭೆ ಒಪ್ಪಿದ್ದಕ್ಕಿಂತ ಎಷ್ಟೋ ಹೆಚ್ಚು ದುಡ್ಡನ್ನು ಖಜಾನೆಯಿಂದ ತೆಗೆಯುತ್ತಿತ್ತು. ಹಸುವಿಗೆ ಮೇವು, ಕೋಳಿಗೆ ಆಹಾರ, ಔಷಧ ಎಂದು ಸುಳ್ಳು ಬಿಲ್ಲು. ಸಾಮಾನು ಹೊತ್ತ ಲಾರಿಗಳು ಎಂದು ಬಿಲ್ಲಿನಲ್ಲಿ ಬರೆದ ನಂಬರುಗಳನ್ನು ತನಿಖೆಯಲ್ಲಿ ಹುಡುಕಿದಾಗ ಅವುಗಳಲ್ಲಿ ಸ್ಕೂಟರ್, ಆಟೋರಿಕ್ಷಾ ಸಿಕ್ಕಿದವು! ಹೀಗೆ ಹೆಚ್ಚು ದುಡ್ಡು ಹೋಗುತ್ತಿದೆ ಎಂದು ಲೆಕ್ಕಪರಿಶೋಧಕರ ವರದಿಗಳಲ್ಲಿ ಬಂದಿತ್ತು. ಆದರೂ ವರ್ಷಗಟ್ಟಲೆ ಅದು ನಡೆಯಿತು. 1996ರ ಜನವರಿಯಲ್ಲಿ ಚಾಯಿಬಾಸಾ ಎಂಬಲ್ಲಿ ಜಿಲ್ಲೆಯ ಮುಖ್ಯ ಅಧಿಕಾರಿ ದಾಳಿ ಮಾಡಿದ ಮೇಲೆ ವಿಷಯ ಹೊರಗೆ ಬಿತ್ತು. ಆಮೇಲೆ ಸಿಬಿಐ ತನಿಖೆ, ಕೋರ್ಟು. 2013ರಲ್ಲಿ ರಾಂಚಿಯ ನ್ಯಾಯಾಲಯ ಆ ರಾಜ್ಯದ ಮಾಜಿ ಮುಖ್ಯಮಂತ್ರಿ ಲಾಲು ಪ್ರಸಾದ್ ಅವರಿಗೆ ಐದು ವರ್ಷದ ಶಿಕ್ಷೆ ವಿಧಿಸಿತು.

ಇದರಿಂದ ಒಂದು ತಿಳಿಯುತ್ತದೆ. ಸಿಎಜಿ ಪೊಲೀಸರಲ್ಲ, ನ್ಯಾಯಾಧೀಶರಲ್ಲ. ಅವರ ಹುದ್ದೆಯ ಹೆಸರಿನಲ್ಲಿ ನಿಯಂತ್ರಕ ಎಂದಿದ್ದರೂ ಖಜಾನೆಯ ಬಾಗಿಲಲ್ಲಿ ನಿಂತು ದುಡ್ಡು ತಡೆಯುವ ಅಧಿಕಾರ ಅವರಿಗಿಲ್ಲ. ಖರ್ಚಾದ ಮೇಲೆ ನೋಡುತ್ತಾರೆ. ನೋಡಿದ್ದನ್ನು ಬರೆದು ನಮ್ಮ ಪ್ರತಿನಿಧಿಗಳ ಕೈಗೆ ಕೊಡುತ್ತಾರೆ. ಅಲ್ಲಿಂದ ಮುಂದೆ ಕೆಲಸ ಮಾಡಬೇಕಾದವರು ಬೇರೆಯವರು. ವರದಿಯನ್ನು ಇಷ್ಟು ದಿನದೊಳಗೆ ಸದನದ ಮುಂದೆ ಇಡಲೇಬೇಕು ಎಂದು ಸಂವಿಧಾನದಲ್ಲಿ ದಿನ ಹೇಳಿಲ್ಲ. ಹಾಗಾಗಿ ಕೆಲವೊಮ್ಮೆ ವರದಿ ತಡವಾಗಿ ಬರುತ್ತದೆ. ಬರುವಷ್ಟರಲ್ಲಿ ಜನ ಮರೆತಿರುತ್ತಾರೆ.

ಇನ್ನೊಂದು ಎಚ್ಚರಿಕೆಯ ಮಾತು. ಲೆಕ್ಕದಲ್ಲಿ ಆಕ್ಷೇಪ ಬಂದ ಕೂಡಲೇ ಎದುರಿನವರು ಕಳ್ಳರು ಎಂದು ಹೇಳಬಾರದು. 2ಜಿ ತರಂಗಾಂತರ ಎಂಬ ಮಾತು ಕೇಳಿರಬಹುದು. ಮೊಬೈಲ್ ಕಂಪೆನಿಗಳಿಗೆ 2008ರಲ್ಲಿ ತರಂಗಾಂತರ ಹಂಚಿದ್ದರ ಬಗ್ಗೆ 2010ರ ನವೆಂಬರಿನಲ್ಲಿ ಸಿಎಜಿ ವರದಿ ಬಂತು. ಏಲಂ ಮಾಡದೆ ಕೊಟ್ಟದ್ದರಿಂದ 1 ಲಕ್ಷ 76 ಸಾವಿರ ಕೋಟಿ ರೂಪಾಯಿವರೆಗೆ ನಷ್ಟ ಆಗಿರಬಹುದು ಎಂಬ ಅಂದಾಜು ಅದರಲ್ಲಿತ್ತು. ಆ ಅಂದಾಜು ಮಾಡಿದ ರೀತಿಯ ಬಗ್ಗೆ ತಿಳಿದವರಲ್ಲೇ ವಾದ ನಡೆಯಿತು. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹಂಚಿದ ಕ್ರಮವೇ ತಪ್ಪು ಎಂದು 122 ಲೈಸೆನ್ಸುಗಳನ್ನು ರದ್ದು ಮಾಡಿತು. ಆದರೆ 2017ರ ಡಿಸೆಂಬರಿನಲ್ಲಿ ವಿಶೇಷ ನ್ಯಾಯಾಲಯ ಸಾಕ್ಷ್ಯ ಸಾಲದು ಎಂದು ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು. ನೋಡಿ, ಕ್ರಮ ತಪ್ಪು ಎನ್ನುವುದು ಒಂದು ಮಾತು, ಇಂಥವರು ಲಂಚ ತಿಂದರು ಎನ್ನುವುದು ಬೇರೆ ಮಾತು. ಎರಡನೆಯದಕ್ಕೆ ಕೋರ್ಟಿನಲ್ಲಿ ಸಾಕ್ಷಿ ಬೇಕು. ಲೆಕ್ಕ ಕೇಳುವವರು ಈ ವ್ಯತ್ಯಾಸ ತಿಳಿದಿರಬೇಕು. ಕೇಳುವ ಮಾತು ಗಟ್ಟಿ ಇರಲಿ, ಬೈಗುಳ ಬೇಡ.

ಹಾಗೆಯೇ ಸಿಎಜಿಯವರನ್ನೂ ಪ್ರಶ್ನೆ ಮಾಡಬಹುದು. ಲೆಕ್ಕ ಒಪ್ಪಿಸಬೇಕಾದ ಸರಕಾರವೇ ಲೆಕ್ಕ ಕೇಳುವವರನ್ನು ಆರಿಸುವುದು ಸರಿಯಾ ಎಂದು ಕೇಳುವವರು ಇದ್ದಾರೆ. ಕೇಳಲಿ. ಪ್ರಶ್ನೆ ಯಾರಿಗೂ ಕೆಟ್ಟದ್ದು ಮಾಡುವುದಿಲ್ಲ.

ನಮ್ಮ ವಾರ್ಡಿನ ಲೆಕ್ಕ

ಈಗ ನಮ್ಮ ಊರಿಗೆ ಬರುವ. ಪಂಚಾಯತಿನ ಲೆಕ್ಕ ನೋಡಲು ಕೇರಳದಲ್ಲಿ ರಾಜ್ಯದ್ದೇ ಲೆಕ್ಕಪರಿಶೋಧನಾ ಇಲಾಖೆ ಉಂಟು. 1994ರಲ್ಲಿ ಅದಕ್ಕೆಂದು ಕಾನೂನು ಬಂತು. ಆ ಕೆಲಸ ಹೇಗೆ ಮಾಡಬೇಕು ಎಂಬುದಕ್ಕೆ ಸಿಎಜಿ ಮಾರ್ಗದರ್ಶನ ಕೊಡುತ್ತಾರೆ. ಕುಟುಂಬಶ್ರೀ ಅಕ್ಕಂದಿರಿಗೆ ಇದು ಹೊಸದಲ್ಲ. ನಿಮ್ಮ ಅಯಲ್ಕೂಟದ ಪುಸ್ತಕ ನೋಡಲು ವರ್ಷಕ್ಕೊಮ್ಮೆ ಲೆಕ್ಕ ಕಲಿತ ಹೆಂಗಸರು ಬರುತ್ತಾರಲ್ಲ? ಉಳಿತಾಯ ಎಷ್ಟು, ಸಾಲ ಎಷ್ಟು, ಯಾರದ್ದು ಬಾಕಿ ಎಂದು ಕೇಳುತ್ತಾರಲ್ಲ? ಅವರ ಮೇಲೆ ನೀವು ಮುನಿಸಿಕೊಳ್ಳುತ್ತೀರಾ? ಇಲ್ಲ, ಚಹಾ ಕೊಟ್ಟು ಕೂರಿಸುತ್ತೀರಿ. ದೆಹಲಿಯ ಲೆಕ್ಕಕ್ಕೂ ಅಯಲ್ಕೂಟದ ಲೆಕ್ಕಕ್ಕೂ ಸೊನ್ನೆಗಳ ವ್ಯತ್ಯಾಸ ಮಾತ್ರ. ಪ್ರಶ್ನೆ ಒಂದೇ.

ಗ್ರಾಮಸಭೆ ಎಂದರೆ ನಿಮ್ಮ ವಾರ್ಡಿನ ಮತದಾರರೆಲ್ಲರ ಸಭೆ. ಕಾನೂನಿನ ಪ್ರಕಾರ ಮೂರು ತಿಂಗಳಿಗೆ ಒಮ್ಮೆಯಾದರೂ ಅದು ಸೇರಬೇಕು. ಕರೆಯುವವರು ವಾರ್ಡ್ ಮೆಂಬರ್. ನಮ್ಮಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗುವುದು ಮನೆಗೆ, ಹಸುವಿಗೆ, ಗೊಬ್ಬರಕ್ಕೆ ಅರ್ಜಿ ಕೊಡಲು. ಹೆಸರು ಪಟ್ಟಿಯಲ್ಲಿ ಬಂತು, ಎದ್ದು ಬಂದೆವು. ಆದರೆ ವಾರ್ಡಿನಲ್ಲಿ ನಡೆಯುವ ಕೆಲಸದ ಎಸ್ಟಿಮೇಟು ಎಷ್ಟು, ಸಾಮಾನಿಗೆ ಬಿದ್ದ ದುಡ್ಡು ಎಷ್ಟು ಎಂದು ತಿಳಿಯುವ ಹಕ್ಕೂ ಗ್ರಾಮಸಭೆಗೆ ಉಂಟು. ಅದನ್ನು ಕೇಳುವವರು ಕಡಿಮೆ.

ಸಭೆಯಲ್ಲಿ ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾನೂನು ಉಂಟು. ಅರ್ಜಿಯ ಮೇಲೆ ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪು ಅಂಟಿಸಿ ಕೊಟ್ಟರೆ ಸಾಕು. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಬೇಡ. 30 ದಿನದೊಳಗೆ ಉತ್ತರ ಬರಬೇಕು. ಕಾಗದದ ನಕಲು ಕೇಳಬಹುದು, ಕಡತ ನೋಡಬಹುದು, ಕೆಲಸದ ಜಾಗಕ್ಕೆ ಹೋಗಿ ಪರಿಶೀಲಿಸಬಹುದು. ಬರೆಯಲು ಬಾರದವರು ಬಾಯಿಯಲ್ಲಿ ಹೇಳಿದರೆ ಅದನ್ನು ಬರಹಕ್ಕೆ ಇಳಿಸಲು ಅಧಿಕಾರಿ ಸಹಾಯ ಮಾಡಬೇಕು ಎಂದು ಕಾನೂನಿನಲ್ಲೇ ಬರೆದಿದೆ.

"ಕಾಗದ ಎಲ್ಲಾ ಮಲಯಾಳದಲ್ಲಿ ಇರುತ್ತದೆ, ನಮಗೆ ಗೊತ್ತಾಗುವುದಿಲ್ಲ" ಎಂದು ನೀವು ಹೇಳುತ್ತೀರಿ. ಇದು ನಿಜವಾದ ಕಷ್ಟ. ನಾನು ಅದನ್ನು ಹಗುರ ಮಾಡುವುದಿಲ್ಲ. ಆದರೆ ಗೊತ್ತಿರಲಿ: ತನ್ನ ಕಷ್ಟವನ್ನು ಸರಕಾರಕ್ಕೆ ಹೇಳಿಕೊಳ್ಳಲು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಮನವಿ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಹಾಗಾಗಿ ಕನ್ನಡದಲ್ಲಿ ಬರೆದ ಮನವಿಯನ್ನು ಕೊಡಲು ನಾಚಿಕೆ ಬೇಡ. ಹಾಗೆಯೇ ಮಲಯಾಳದ ಅಂಕಿ, ಕನ್ನಡದ ಅಂಕಿ ಎಂದು ಬೇರೆ ಕಲಿಯಬೇಕಾಗಿಲ್ಲ. ಪಂಚಾಯತಿನ ಬೋರ್ಡಿನಲ್ಲಿ 2,50,000 ಎಂದು ಬರೆದರೆ ಅದು ಎರಡೂವರೆ ಲಕ್ಷವೇ. ಲೆಕ್ಕ ಯಾವ ಭಾಷೆಯಲ್ಲಿದ್ದರೂ ಅಂಕಿ ನಿಮಗೆ ಓದಲು ಬರುತ್ತದೆ.

ಹೆಬ್ಬೆಟ್ಟಿನಿಂದ ಸಹಿಯವರೆಗೆ

ಈ ಕೇಂದ್ರದಲ್ಲಿ ಒಬ್ಬ ಹಿರಿಯ ಅಕ್ಕ ನನ್ನ ಹತ್ತಿರ ಹೇಳಿದರು, "ಮೇಡಂ, ಮೊದಲು ಎಲ್ಲಿ ಹೆಬ್ಬೆಟ್ಟು ಒತ್ತಿ ಎಂದರೂ ಒತ್ತುತ್ತಿದ್ದೆ. ಏನು ಬರೆದಿದೆ ಎಂದು ಕೇಳಲು ನಾಚಿಕೆ. ಕೇಳಿದರೆ ಓದಲು ಬಾರದು ಎಂದು ನಾಲ್ಕು ಜನಕ್ಕೆ ಗೊತ್ತಾಗುತ್ತದಲ್ಲ." ಈ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಓದು ಇಲ್ಲದವರ ಬೆರಳನ್ನು ಬೇರೆಯವರು ತಮ್ಮ ಲೆಕ್ಕಕ್ಕೆ ಬಳಸಬಹುದು. ಮಾಡದ ಕೆಲಸಕ್ಕೆ, ಸಿಗದ ಅಕ್ಕಿಗೆ, ಮುಟ್ಟದ ದುಡ್ಡಿಗೆ ನಮ್ಮದೇ ಬೆರಳು ಸಾಕ್ಷಿ ಆಗಿಬಿಡುತ್ತದೆ. ಆಮೇಲೆ ತಿರುವನಂತಪುರದಿಂದ ಲೆಕ್ಕಪರಿಶೋಧಕರು ಬಂದು ನೋಡಿದರೂ ಅವರಿಗೆ ಕಾಣುವುದು ಆ ಗುರುತು ಮಾತ್ರ. "ಮುಟ್ಟಿದೆ ಎಂದು ಇವರೇ ಒತ್ತಿದ್ದಾರಲ್ಲ" ಎಂದು ಪುಟ ಮಗುಚುತ್ತಾರೆ.

1991ರ ಎಪ್ರಿಲ್ 18ರಂದು ಕೋಝಿಕ್ಕೋಡಿನಲ್ಲಿ ಕೇರಳ ಸಂಪೂರ್ಣ ಸಾಕ್ಷರ ಆಯಿತು ಎಂದು ಘೋಷಣೆ ಮಾಡಿದ್ದು ಮಂತ್ರಿಯಲ್ಲ. ಹೊಸದಾಗಿ ಅಕ್ಷರ ಕಲಿತ ಮಲಪ್ಪುರಂನ ಚೇಲಕ್ಕೋಡನ್ ಆಯಿಶಾ ಎಂಬ ತಾಯಿ. ಅಂದಿನಿಂದ ನಾವು ಸಹಿ ಹಾಕಲು ಕಲಿತೆವು. ಈಗ ಸಹಿ ಹಾಕುವ ಮೊದಲು ಓದಲು ಕಲಿಯಬೇಕು.

ಹಾಗಾಗಿ ಮೂರು ಕೆಲಸ ಹೇಳುತ್ತೇನೆ. ಮುಂದಿನ ತರಗತಿಗೆ ಬರುವಾಗ ಮಾಡಿ ಬನ್ನಿ.

ಒಂದು. ನಿಮ್ಮ ಬ್ಯಾಂಕಿನ ಪಾಸ್‌ಬುಕ್ ತೆಗೆದು ಕೊನೆಯ ಐದು ಸಾಲು ನೀವೇ ಓದಿ. ಬಂದದ್ದು ಎಷ್ಟು, ಹೋದದ್ದು ಎಷ್ಟು, ಉಳಿದದ್ದು ಎಷ್ಟು, ಒಂದು ಕಾಗದದಲ್ಲಿ ಬರೆಯಿರಿ.

ಎರಡು. ನಿಮ್ಮ ವಾರ್ಡಿನಲ್ಲಿ ಇತ್ತೀಚೆಗೆ ಆದ ಒಂದು ಕೆಲಸದ ಹತ್ತಿರ ಹೋಗಿ. ರಸ್ತೆಯೋ, ಬಾವಿಯೋ, ತೋಡಿನ ಕಟ್ಟವೋ ಯಾವುದೂ ಆದೀತು. ಬೋರ್ಡು ಇದ್ದರೆ ಅಂಕಿ ಬರೆದುಕೊಳ್ಳಿ. ಬೋರ್ಡು ಇಲ್ಲದಿದ್ದರೆ ಇಲ್ಲ ಎಂದು ಬರೆಯಿರಿ. ಆಮೇಲೆ ಮೂರನೆಯ ಪ್ರಶ್ನೆ ಕೇಳಿಕೊಳ್ಳಿ: ಇದು ಉಪಯೋಗಕ್ಕೆ ಬಂತಾ?

ಮೂರು. ಬರುವ ಗ್ರಾಮಸಭೆಗೆ ಇಬ್ಬಿಬ್ಬರು ಸೇರಿ ಹೋಗಿ. ಒಬ್ಬರೇ ಎದ್ದು ಕೇಳಲು ಕಷ್ಟ. ಪಕ್ಕದಲ್ಲಿ ಒಬ್ಬರಿದ್ದರೆ ಧೈರ್ಯ. ಒಂದು ಪ್ರಶ್ನೆ ಮಾತ್ರ ಕೇಳಿ, ಮರ್ಯಾದೆಯಿಂದ ಕೇಳಿ. ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ. ಸರಿ ಎಂದು ಕಂಡರೆ ಸರಿ ಎಂದು ಎಲ್ಲರ ಎದುರೇ ಹೇಳಿ. ಲೆಕ್ಕ ಸರಿ ಇಟ್ಟವರಿಗೆ ಅಷ್ಟಾದರೂ ನಾವು ಕೊಡಬೇಕು.

ಆಗ ಯಾರಾದರೂ, "ಎಂತ, ಸಂಶಯವಾ?" ಎಂದರೆ ಹೀಗೆ ಹೇಳಿ: "ಸಂಶಯ ಅಲ್ಲ ಅಣ್ಣ. ದೇಶದ ಪ್ರಧಾನಮಂತ್ರಿಗಳ ಕಚೇರಿಯ ಖರ್ಚನ್ನೂ ಒಬ್ಬರು ನೋಡುತ್ತಾರೆ. ಅವರ ಮೇಲೆ ಯಾರೂ ಮುನಿಸಿಕೊಳ್ಳಬಾರದು ಎಂದು ಸಂವಿಧಾನದಲ್ಲೇ ಉಂಟು. ನಾನು ನಮ್ಮ ಬಾವಿಯ ಲೆಕ್ಕ ಕೇಳಿದೆ, ಅಷ್ಟೇ."

ನಿಮ್ಮ ಮೂರು ಕಾಗದಗಳನ್ನು ಕಾಯುತ್ತಾ ಇರುತ್ತೇನೆ.